ಎಲ್ಲವೂ ‘ಗ್ಯಾಸ್ಟ್ರಿಕ್’ ಅಲ್ಲ: ಗರ್ಭಿಣಿಯರ ಜೀರ್ಣಾಂಗದ ತೊಂದರೆಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗಳಲ್ಲಿ ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಎಲ್ಲಿ ಏನಾದರೂ ಅದಕ್ಕೆ ಇರುವ ಹೆಸರು ಒಂದೇ, ‘ಗ್ಯಾಸ್ಟ್ರಿಕ್’. ಹುಳಿತೇಗು ಬಂದರೂ ಗ್ಯಾಸ್ಟ್ರಿಕ್, ಎರಡು ದಿನ ಮಲವಿಸರ್ಜನೆ ಆಗದಿದ್ದರೂ ಗ್ಯಾಸ್ಟ್ರಿಕ್, ಪಕ್ಕೆಲುಬಿನ ಕೆಳಗೆ ಚುಚ್ಚಿದರೂ ಗ್ಯಾಸ್ಟ್ರಿಕ್. ಬೇರೆ ದಿನಗಳಲ್ಲಿ ಈ ಸಡಿಲ ಮಾತಿನಿಂದ ಹೆಚ್ಚಿನ ನಷ್ಟವಿಲ್ಲ. ಬಸುರಿನ ದಿನಗಳಲ್ಲಿ ಮಾತ್ರ ಅದು ಒಮ್ಮೊಮ್ಮೆ ಸುಲಭವಾಗಿ ಶಮನವಾಗಬಹುದಾದ ತೊಂದರೆಯನ್ನು ಎಳೆದಾಡಿಸುತ್ತದೆ, ಒಮ್ಮೊಮ್ಮೆ ಅಪಾಯವನ್ನೇ ಮರೆಮಾಡುತ್ತದೆ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಒಂದೊಂದು ತೊಂದರೆಯನ್ನೂ ಅದರದೇ ಹೆಸರಿನಿಂದ ಕರೆದು ನೋಡಲಾಗಿದೆ.

ಗರ್ಭಿಣಿಯಾದ ಕೂಡಲೇ ಜೀರ್ಣಶಕ್ತಿ ಏಕೆ ಕುಗ್ಗುತ್ತದೆ?

ಗರ್ಭಕೋಶವು ಅಕಾಲದಲ್ಲಿ ಸಂಕುಚಿಸದಂತೆ ಅದರ ಸ್ನಾಯುಗಳನ್ನು ಸಡಿಲವಾಗಿಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಈ ಅವಧಿಯಲ್ಲಿ ರಕ್ತದಲ್ಲಿ ಬಹಳ ಹೆಚ್ಚುತ್ತದೆ. ಅದು ಗರ್ಭಕೋಶವನ್ನಷ್ಟೇ ಸಡಿಲಿಸಿ ಸುಮ್ಮನಿರುವುದಿಲ್ಲ; ಅದೇ ಬಗೆಯ ಸ್ನಾಯುಗಳಿಂದಾದ ಅನ್ನನಾಳ, ಕರುಳು ಮತ್ತು ಪಿತ್ತಕೋಶಗಳೂ ಸಡಿಲಗೊಳ್ಳುತ್ತವೆ. ಅನ್ನನಾಳ ಮತ್ತು ಜಠರ ಕೂಡುವಲ್ಲಿ ಬಾಗಿಲಿನಂತಿರುವ ಸ್ನಾಯುವಿನ ಬಿಗಿ ತಪ್ಪಿದಾಗ ಆಮ್ಲ ಮೇಲಕ್ಕೇರಿ ಎದೆ ಉರಿಯುತ್ತದೆ. ಕರುಳಿನ ಚಲನೆ ನಿಧಾನವಾದಾಗ ಮಲದಲ್ಲಿನ ನೀರು ಹೆಚ್ಚಾಗಿ ಹೀರಲ್ಪಟ್ಟು ಅದು ಗಟ್ಟಿಯಾಗುತ್ತದೆ, ಆಹಾರ ಒಳಗೇ ಹೆಚ್ಚು ಹೊತ್ತು ಉಳಿದು ಹೊಟ್ಟೆ ಉಬ್ಬರಿಸುತ್ತದೆ. ಆರೇಳು ತಿಂಗಳಾದ ಮೇಲೆ ಬೆಳೆದ ಗರ್ಭಕೋಶವು ಜಠರವನ್ನು ಮೇಲಕ್ಕೂ ಕರುಳನ್ನು ಪಕ್ಕಕ್ಕೂ ಒತ್ತುವುದರಿಂದ ಅರ್ಧ ಊಟಕ್ಕೇ ಹೊಟ್ಟೆ ತುಂಬಿದಂತಾಗುತ್ತದೆ. ಈ ಬದಲಾವಣೆಗಳಾವುವೂ ರೋಗವಲ್ಲ. ‘ಮೊದಲು ಕಲ್ಲು ತಿಂದರೂ ಕರಗುತ್ತಿತ್ತು, ಈಗ ಇಡ್ಲಿಯೂ ಆಗುವುದಿಲ್ಲ’ ಎಂದು ಬಸುರಿ ಹೇಳಿದರೆ ಅದು ನಖರಾ ಅಲ್ಲವೆಂದು ಮನೆಯವರು ತಿಳಿಯಬೇಕು.

ವಾಕರಿಕೆ ಮತ್ತು ವಾಂತಿ ಎಷ್ಟು ದಿನ ಇರುತ್ತವೆ?

ಹತ್ತರಲ್ಲಿ ಸುಮಾರು ಏಳು ಗರ್ಭಿಣಿಯರಿಗೆ ಈ ತೊಂದರೆ ಆಗುತ್ತದೆ. ಸಾಮಾನ್ಯವಾಗಿ ಐದಾರನೆಯ ವಾರದಲ್ಲಿ ಆರಂಭವಾಗಿ, ಒಂಬತ್ತನೆಯ ವಾರದ ಸುಮಾರಿಗೆ ಅತಿಯಾಗಿ, ಹದಿನಾರರಿಂದ ಇಪ್ಪತ್ತನೆಯ ವಾರದೊಳಗೆ ಹೆಚ್ಚಿನವರಲ್ಲಿ ಇಳಿಯುತ್ತದೆ. ‘ಬೆಳಗಿನ ವಾಕರಿಕೆ’ ಎಂದು ಕರೆದರೂ ಅದು ಬೆಳಗಿಗೆ ಸೀಮಿತವಲ್ಲ. ಸಂಜೆ ನಾಲ್ಕಕ್ಕೆ ಕಚೇರಿಯಿಂದ ಮರಳುವ ಬಸ್ಸಿನಲ್ಲಿ ಹೊಟ್ಟೆ ತೊಳಸುವವರೂ ಇದ್ದಾರೆ.

ಜರಾಯುವಿನಿಂದ ಹೊಮ್ಮುವ ಜಿಡಿಎಫ್15 ಎಂಬ ಪ್ರೋಟೀನು ಮಿದುಳಿನ ವಾಂತಿಕೇಂದ್ರವನ್ನು ಕೆಣಕುತ್ತದೆ ಎಂಬುದನ್ನೂ, ಗರ್ಭಧಾರಣೆಗೆ ಮುಂಚೆ ಈ ಪ್ರೋಟೀನು ರಕ್ತದಲ್ಲಿ ಕಡಿಮೆ ಇದ್ದವರಿಗೆ ಅದರ ದಿಢೀರ್ ಏರಿಕೆ ಹೆಚ್ಚು ಬಾಧಿಸುತ್ತದೆ ಎಂಬುದನ್ನೂ 2023ರ ಕೊನೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಈ ವಿಷಯವನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ‘ನಾವೂ ಹೆತ್ತಿಲ್ಲವೇ, ಎಲ್ಲ ಮನಸ್ಸಿನದು’ ಎಂಬ ಮಾತನ್ನು ಕೇಳುತ್ತ ವಾಂತಿ ಮಾಡಿಕೊಳ್ಳುವ ಹೆಣ್ಣುಮಕ್ಕಳು ಇಂದಿಗೂ ಬಹಳ ಮಂದಿ ಇದ್ದಾರೆ. ಅತ್ತೆಗೆ ಆಗದಿದ್ದದ್ದು ಸೊಸೆಗೆ ಆಗುವುದಕ್ಕೆ ರಕ್ತದಲ್ಲಿಯೇ ಕಾರಣವಿದೆ.

ಬೆಳಿಗ್ಗೆ ಏಳುತ್ತಲೇ ವಾಕರಿಕೆ ಬರುತ್ತದೆ. ಏನು ತಿನ್ನಬೇಕು?

ಹಾಸಿಗೆಯ ಪಕ್ಕದಲ್ಲಿ ಒಣ ತಿನಿಸನ್ನು ಇಟ್ಟುಕೊಂಡು, ಏಳುವ ಹತ್ತು ಹದಿನೈದು ನಿಮಿಷ ಮುಂಚೆ ಮಲಗಿದಲ್ಲೇ ಸ್ವಲ್ಪ ತಿನ್ನುವುದು ಹಲವರಿಗೆ ಗುಣ ಕೊಡುತ್ತದೆ. ಅದಕ್ಕೆ ಬಿಸ್ಕತ್ತೇ ಆಗಬೇಕೆಂದಿಲ್ಲ. ಒಂದು ಹಿಡಿ ಮಂಡಕ್ಕಿ, ಹುರಿದ ಅವಲಕ್ಕಿ, ಹುರಿಗಡಲೆ, ಒಣ ಚಪಾತಿಯ ತುಂಡು ಅಥವಾ ಖಡಕ್ ರೊಟ್ಟಿಯ ಚೂರು ಸಾಕು. ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿಯುವ ಅಭ್ಯಾಸವಿದ್ದರೆ ಅದನ್ನು ತಿಂಡಿಯ ನಂತರಕ್ಕೆ ಮುಂದೂಡಬೇಕು; ದಿನದ ಒಟ್ಟು ಕೆಫೀನು 200 ಮಿಲಿಗ್ರಾಂ ಮೀರಬಾರದು ಎಂಬುದು ಪ್ರಸೂತಿ ತಜ್ಞರ ಸಲಹೆ, ಗಟ್ಟಿ ಡಿಕಾಕ್ಷನ್ನಿನ ಕಾಫಿಯಾದರೆ ದಿನಕ್ಕೆ ಒಂದೆರಡು ಸಣ್ಣ ಲೋಟಕ್ಕೆ ನಿಲ್ಲಿಸುವುದು ಕ್ಷೇಮ.

ಆಮೇಲಿನ ಹೊತ್ತಿನಲ್ಲೂ ಮೂರು ದೊಡ್ಡ ಊಟಗಳ ಬದಲು ಎರಡು ಎರಡೂವರೆ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುವುದು ಒಳ್ಳೆಯದು. ಊಟದ ಜೊತೆಗೇ ಲೋಟಗಟ್ಟಲೆ ನೀರು ಕುಡಿದರೆ ಹೊಟ್ಟೆ ಬಿಗಿದು ವಾಂತಿಯಾಗುವ ಸಂಭವ ಹೆಚ್ಚು, ಆದ್ದರಿಂದ ಊಟಗಳ ನಡುವೆ ಗುಟುಕು ಗುಟುಕಾಗಿ ಕುಡಿಯಬೇಕು. ತಣ್ಣಗಿನ ಆಹಾರಕ್ಕೆ ವಾಸನೆ ಕಡಿಮೆ. ಬಿಸಿ ಸಾಂಬಾರನ್ನು ಕಂಡರೆ ಓಡಿಹೋಗುವವರಿಗೆ ಮೊಸರನ್ನ, ಹೆಸರುಬೇಳೆಯ ಕೋಸಂಬರಿ ಅಥವಾ ಉಪ್ಪು ಹಾಕಿದ ಅಕ್ಕಿಗಂಜಿ ಹಿಡಿಸಬಹುದು. ಶುಂಠಿಗೆ ವಾಕರಿಕೆಯನ್ನು ತಗ್ಗಿಸುವ ಗುಣವಿರುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯೂ ಒಪ್ಪಿದೆ. ಆದರೆ ಅದು ಅಡುಗೆಯ ಪ್ರಮಾಣದ ಮಾತು. ಜಜ್ಜಿದ ತುಂಡನ್ನು ಕುದಿಸಿದ ನೀರು ಸರಿ, ದಿನವಿಡೀ ಖಾರದ ಕಷಾಯ ಕುಡಿದರೆ ವಾಕರಿಕೆ ಹೋಗಿ ಎದೆಯುರಿ ಬರುತ್ತದೆ.

ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ. ಅಡುಗೆ ಮಾಡುವುದು ಹೇಗೆ?

ಸಾಧ್ಯವಿದ್ದರೆ ಕೆಲವು ವಾರ ಮಾಡಬೇಡಿ. ಇದನ್ನು ಗಂಡಂದಿರೂ ಓದಲಿ ಎಂದು ಇಷ್ಟು ಸ್ಪಷ್ಟವಾಗಿ ಬರೆಯಲಾಗಿದೆ. ಬೆಳ್ಳುಳ್ಳಿ ಒಗ್ಗರಣೆ, ಮೀನು ಹುರಿಯುವುದು, ಕುಕ್ಕರಿನ ಆವಿ, ಬೇಯುವ ಮೊಟ್ಟೆ, ಇವು ಹಲವರು ಹೆಸರಿಸುವ ವಾಸನೆಗಳು. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಮಾಡುವವರು ಮೊಟ್ಟೆಯ ವಾಸನೆ ಹಿಡಿಸದಿದ್ದರೆ ಕಾರ್ಯಕರ್ತೆಗೆ ಹೇಳಿ, ಹೊರಗೆ ಗಾಳಿ ಆಡುವಲ್ಲಿ ಕುಳಿತು, ಮೊದಲು ಚಿಕ್ಕಿ ಅಥವಾ ಅನ್ನವನ್ನು ತಿಂದು ನೋಡಬಹುದು. ಒಂದು ಪದಾರ್ಥಕ್ಕಾಗಿ ಇಡೀ ಊಟವನ್ನೇ ಬಿಡುವುದು ಬೇಡ.

ವಾಂತಿಗೆ ಮಾತ್ರೆ ತೆಗೆದುಕೊಂಡರೆ ಮಗುವಿಗೆ ತೊಂದರೆಯಾಗುವುದಿಲ್ಲವೇ?

ಡಾಕ್ಸಿಲಮಿನ್ ಮತ್ತು ಪಿರಿಡಾಕ್ಸಿನ್, ಅಂದರೆ ಬಿ6 ಜೀವಸತ್ವ, ಇವೆರಡೂ ಸೇರಿದ ಮಾತ್ರೆಯನ್ನು ಪ್ರಸೂತಿ ವೈದ್ಯರು ಮೊದಲ ಆಯ್ಕೆಯಾಗಿ ಬರೆಯುತ್ತಾರೆ. ಇದರ ಚರಿತ್ರೆ ಸ್ವಾರಸ್ಯಕರವಾಗಿದೆ. ಅಮೆರಿಕದಲ್ಲಿ ಇದೇ ಜೋಡಿ ಔಷಧವು ಶಿಶುಗಳ ಅಂಗವೈಕಲ್ಯಕ್ಕೆ ಕಾರಣ ಎಂಬ ಮೊಕದ್ದಮೆಗಳ ಒತ್ತಡದಲ್ಲಿ 1983ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಆರೋಪಕ್ಕೆ ಆಧಾರವಿಲ್ಲವೆಂದು ಅಧ್ಯಯನಗಳು ತೋರಿಸಿದ ಬಳಿಕ 2013ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯು ಅದಕ್ಕೆ ಮತ್ತೆ ಅನುಮತಿ ನೀಡಿತು. ಗರ್ಭಿಣಿಯರು ಬಳಸುವ ಔಷಧಗಳಲ್ಲಿ ಇಷ್ಟು ಪರೀಕ್ಷೆಗೊಳಗಾದವು ಕಡಿಮೆ. ಇದರಿಂದ ನಿದ್ದೆ ಬರುವುದುಂಟು, ಆದ್ದರಿಂದ ಸಾಮಾನ್ಯವಾಗಿ ರಾತ್ರಿಯ ಹೊತ್ತಿನಿಂದ ಆರಂಭಿಸುತ್ತಾರೆ. ಇದು ಸಾಲದಿದ್ದರೆ ಬೇರೆ ಔಷಧಗಳಿವೆ. ಅವನ್ನು ವಾರದ ಲೆಕ್ಕ ನೋಡಿ ವೈದ್ಯರೇ ಆರಿಸಬೇಕು. ಮೆಡಿಕಲ್ ಅಂಗಡಿಯಲ್ಲಿ ‘ವಾಂತಿಗೆ ಏನಾದರೂ ಕೊಡಿ’ ಎಂದು ಕೇಳುವ ಪದ್ಧತಿಯನ್ನು ಈ ಒಂಬತ್ತು ತಿಂಗಳ ಮಟ್ಟಿಗೆ ಬಿಡಬೇಕು.

ಇನ್ನೊಂದು ಸಣ್ಣ ವಿಷಯ. ವಾಂತಿಯಾದ ಕೂಡಲೇ ಹಲ್ಲುಜ್ಜಬಾರದು. ಆಮ್ಲದಿಂದ ಮೆದುವಾದ ಹಲ್ಲಿನ ಹೊರಪದರವು ಬ್ರಷ್ಷಿಗೆ ಸವೆಯುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಬೇಕು.

ವಾಂತಿ ಯಾವಾಗ ಸಾಮಾನ್ಯದ ಗಡಿ ದಾಟುತ್ತದೆ?

ದಿನಕ್ಕೆ ಎಷ್ಟು ಸಲ ಎಂದು ಎಣಿಸುವುದಕ್ಕಿಂತ ಒಳಗೆ ಎಷ್ಟು ಉಳಿಯಿತು ಎಂದು ನೋಡುವುದು ಮುಖ್ಯ. ಕುಡಿದ ನೀರೂ ನಿಲ್ಲದೆ ಇಡೀ ದಿನ ಕಳೆದರೆ, ಎಂಟು ಗಂಟೆಯಾದರೂ ಮೂತ್ರ ಬರದಿದ್ದರೆ ಅಥವಾ ಅದು ಕಡು ಹಳದಿಯಾಗಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ, ಅಥವಾ ಗರ್ಭಧಾರಣೆಗೆ ಮುಂಚಿನ ತೂಕದಲ್ಲಿ ಶೇ 5ರಷ್ಟು, ಎಂದರೆ 50 ಕೆಜಿ ಇದ್ದವರಲ್ಲಿ ಎರಡೂವರೆ ಕೆಜಿ ಕಡಿಮೆಯಾಗಿದ್ದರೆ ಅದು ತೀವ್ರ ಗರ್ಭವಾಂತಿ. ಅದಕ್ಕೆ ಆಸ್ಪತ್ರೆಯಲ್ಲಿ ದ್ರವ ಹಾಕಬೇಕು, ಮೂತ್ರದಲ್ಲಿ ಕೀಟೋನು (ಆಹಾರ ಸಾಲದೆ ದೇಹ ಕೊಬ್ಬನ್ನು ಕರಗಿಸುವಾಗ ಬರುವ ವಸ್ತು) ಮತ್ತು ರಕ್ತದಲ್ಲಿ ಲವಣಗಳನ್ನು ಪರೀಕ್ಷಿಸಬೇಕು. ಅಲ್ಲಿ ಎಷ್ಟು ದಿನದಿಂದ ಆಹಾರ ಸೇರಿಲ್ಲ ಎಂಬುದನ್ನು ತಪ್ಪದೆ ಹೇಳಿ: ಬಹುದಿನ ಉಪವಾಸವಿದ್ದವರಲ್ಲಿ ಬಿ1 ಜೀವಸತ್ವ ಬರಿದಾಗಿರುತ್ತದೆ, ಅದನ್ನು ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಮಿದುಳಿಗೆ ಹಾನಿಯಾಗಬಹುದು. ‘ಒಂದು ಬಾಟಲಿ ಗ್ಲೂಕೋಸ್ ಏರಿಸಿಬಿಡಿ, ಸುಸ್ತು ಹೋಗುತ್ತದೆ’ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಕೇಳುವವರು ಇದನ್ನು ನೆನಪಿಡಬೇಕು.

ರಾತ್ರಿ ಮಲಗಿದೊಡನೆ ಎದೆಯುರಿ. ಪರಿಹಾರವೇನು?

ಆಮ್ಲವು ಮೇಲೇರುವುದು ಮಲಗಿದಾಗಲೇ ಸುಲಭ. ಹಾಗಾಗಿ ಪರಿಹಾರದ ಬಹುಪಾಲು ಊಟದ ಹೊತ್ತಿನಲ್ಲಿದೆ, ಔಷಧದಲ್ಲಿಲ್ಲ. ರಾತ್ರಿ ಒಂಬತ್ತೂವರೆಗೆ ಉಂಡು ಹತ್ತಕ್ಕೆ ಮಲಗುವ ಮನೆಯಲ್ಲಿ ಬಸುರಿ ಮಾತ್ರ ಏಳೂವರೆಗೆ ಉಂಡರೆ ಯಾರಿಗೂ ಅಪಚಾರವಾಗುವುದಿಲ್ಲ. ಎಲ್ಲರೂ ಉಂಡ ಮೇಲೆ ಕೊನೆಯಲ್ಲಿ ಉಣ್ಣುವ ಪದ್ಧತಿ ಇನ್ನೂ ಇರುವ ಮನೆಗಳಲ್ಲಿ ಎದೆಯುರಿಯ ಮೂಲ ಅಲ್ಲಿಯೇ ಇರಬಹುದು. ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆಯ ಅಂತರವಿರಬೇಕು. ತಲೆದಿಂಬುಗಳನ್ನು ಪೇರಿಸಿದರೆ ಕುತ್ತಿಗೆ ಮಾತ್ರ ಬಾಗುತ್ತದೆ, ಹೊಟ್ಟೆ ಇನ್ನಷ್ಟು ಮಡಿಚಿಕೊಳ್ಳುತ್ತದೆ. ಅದರ ಬದಲು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಗಟ್ಟಿಯಾದ ಮರದ ತುಂಡು ಇಟ್ಟು ಸುಮಾರು 15 ಸೆಂಟಿಮೀಟರ್ ಎತ್ತರಿಸಬೇಕು, ನೆಲದ ಮೇಲೆ ಮಲಗುವವರು ಹಾಸಿಗೆಯ ಕೆಳಗೆ ಬೆನ್ನಿನ ಮಟ್ಟದಿಂದಲೇ ಕಂಬಳಿ ಮಡಿಚಿಟ್ಟು ಇಳಿಜಾರು ಮಾಡಿಕೊಳ್ಳಬಹುದು. ಎಡಮಗ್ಗುಲು ಹಿತ.

ಕರಿದ ಬೋಂಡಾ, ಖಾರದ ಎಣ್ಣೆಗಾಯಿ, ಹುಣಸೆಹುಳಿ ಹೆಚ್ಚಾದ ಗೊಜ್ಜು, ಕಾಫಿ, ಚಾಕೊಲೇಟು ಸಾಮಾನ್ಯವಾಗಿ ಉರಿಯನ್ನು ಹೆಚ್ಚಿಸುತ್ತವೆ. ಆದರೆ ಎಲ್ಲರಿಗೂ ಒಂದೇ ಪಟ್ಟಿ ಹೊಂದುವುದಿಲ್ಲ. ಒಂದು ವಾರ ತಿಂದದ್ದನ್ನೂ ಉರಿ ಬಂದ ಹೊತ್ತನ್ನೂ ಬರೆದಿಟ್ಟುಕೊಂಡರೆ ನಿಮ್ಮ ಶತ್ರು ಯಾವುದೆಂದು ನಿಮಗೇ ತಿಳಿಯುತ್ತದೆ. ಏಳನೆಯ ತಿಂಗಳಿನ ಸೀಮಂತದ ದಿನ ಹೋಳಿಗೆ, ಚಿತ್ರಾನ್ನ, ಬಜ್ಜಿಗಳನ್ನು ಒಂದೇ ಎಲೆಯಲ್ಲಿ ಒತ್ತಾಯದಿಂದ ಬಡಿಸುವುದು ಅಕ್ಕರೆಯೇ ಸರಿ. ಜಠರಕ್ಕೆ ಇರುವ ಜಾಗ ಅತಿ ಕಡಿಮೆಯಾಗುತ್ತಿರುವ ಕಾಲವೂ ಅದೇ. ‘ಎರಡು ಜೀವಕ್ಕೆ ಉಣ್ಣಬೇಕು’ ಎಂಬ ಮಾತಿನ ಲೆಕ್ಕ ನೋಡಿದರೆ, ನಾಲ್ಕನೆಯ ತಿಂಗಳಿನಿಂದ ಹೆಚ್ಚಾಗಿ ಬೇಕಾಗುವುದು ದಿನಕ್ಕೆ ಸುಮಾರು 350 ಕಿಲೋಕ್ಯಾಲೊರಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ, ಅಂದರೆ ಒಂದು ಸಣ್ಣ ಉಪಾಹಾರದಷ್ಟು.

ಅಡುಗೆ ಸೋಡಾ, ಈನೋ, ಆ್ಯಂಟಾಸಿಡ್, ಪ್ಯಾಂಟೊಪ್ರಜೋಲ್: ಯಾವುದು ಸರಿ?

ಅಡುಗೆ ಸೋಡಾ ಕಲಸಿದ ನೀರೂ, ಈನೋದಂತಹ ಬುರುಗೇಳುವ ಪುಡಿಯೂ ಸೋಡಿಯಂ ಬೈಕಾರ್ಬನೇಟಿನಿಂದ ಕೆಲಸ ಮಾಡುತ್ತವೆ. ಅದರಿಂದ ದೇಹಕ್ಕೆ ಸೋಡಿಯಂ ಹೆಚ್ಚಾಗಿ ಸೇರುತ್ತದೆ, ರಕ್ತದ ಆಮ್ಲ–ಕ್ಷಾರ ಸಮತೋಲ ಕೆಡುವ ಸಾಧ್ಯತೆಯೂ ಇದೆ. ರಕ್ತದೊತ್ತಡ ಅಥವಾ ಊತ ಇರುವವರಿಗಂತೂ ಬೇಡವೇ ಬೇಡ. ಕ್ಯಾಲ್ಸಿಯಂ ಕಾರ್ಬನೇಟ್ ಅಥವಾ ಅಲ್ಯುಮಿನಿಯಂ–ಮೆಗ್ನೀಸಿಯಂ ಇರುವ ಸಾಮಾನ್ಯ ಆ್ಯಂಟಾಸಿಡ್‌ಗಳನ್ನು ಹೇಳಿದ ಪ್ರಮಾಣದಲ್ಲಿ ಬಳಸಬಹುದು. ಆಲ್ಜಿನೇಟ್ ಇರುವ ಸಿರಪ್ ಜಠರದೊಳಗಿನ ಆಹಾರದ ಮೇಲೆ ತೆಪ್ಪದಂತೆ ತೇಲಿ ಆಮ್ಲವನ್ನು ತಡೆಯುವುದರಿಂದ ಊಟದ ನಂತರ ಮತ್ತು ಮಲಗುವ ಮುಂಚೆ ಉಪಯುಕ್ತ.

ಜಠರದಲ್ಲಿ ಆಮ್ಲ ಹುಟ್ಟುವುದನ್ನೇ ತಗ್ಗಿಸುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳನ್ನು ಉಳಿದ ಕ್ರಮಗಳು ಫಲಿಸದಾಗ ವೈದ್ಯರು ಬರೆಯುತ್ತಾರೆ, ಅದರಲ್ಲಿ ಭಯಪಡುವಂಥದ್ದಿಲ್ಲ. ಮನೆಮಂದಿಯೆಲ್ಲ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದೊಂದು ನುಂಗುವ ಅಭ್ಯಾಸಕ್ಕೆ ಬಸುರಿಯನ್ನೂ ಸೇರಿಸಿಕೊಳ್ಳುವುದು ಮಾತ್ರ ತಪ್ಪು, ಏಕೆಂದರೆ ಕಬ್ಬಿಣಾಂಶ ಹೀರಲ್ಪಡಲು ಜಠರದ ಆಮ್ಲ ಬೇಕು. ಹಳೆಯ ಚೀಟಿಯಲ್ಲಿರುವ ರಾನಿಟಿಡಿನ್ ಅನ್ನು ಮತ್ತೆ ಕೊಳ್ಳಬೇಡಿ. ಅದು 2022ರಲ್ಲಿ ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಿಂದ ಹೊರಹೋಗಿದೆ.

ಎದೆಯುರಿ ಇದ್ದರೆ ಮಗುವಿಗೆ ತಲೆತುಂಬ ಕೂದಲು ಎನ್ನುತ್ತಾರೆ. ನಿಜವೇ?

ನಗುವುದಕ್ಕೆ ಮುಂಚೆ ಒಂದು ಮಾತು. ಇದನ್ನು ಸುಳ್ಳೆಂದು ತೋರಿಸಲು ಹೊರಟ ಅಮೆರಿಕದ ಸಂಶೋಧಕರು 64 ಗರ್ಭಿಣಿಯರನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೆಚ್ಚು ಎದೆಯುರಿ ಇದ್ದವರ ಮಕ್ಕಳಿಗೆ ಹೆಚ್ಚು ಕೂದಲು ಇದ್ದದ್ದೇ ಕಂಡುಬಂತು. ಎರಡಕ್ಕೂ ಹಾರ್ಮೋನುಗಳೇ ಕಾರಣವಿರಬಹುದೆಂದು ಅವರು ಊಹಿಸಿದರು. ಅಧ್ಯಯನ ಚಿಕ್ಕದು, ಕೂದಲಿಗಾಗಿ ಉರಿಯನ್ನು ಸಹಿಸಬೇಕಾಗಿಲ್ಲ.

ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ಕೆಡುತ್ತದೆ. ಬಿಟ್ಟುಬಿಡಬಹುದೇ?

ಬಿಡಬಾರದು. ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ತೆಗೆದುಕೊಳ್ಳಬೇಕು. ವಾಕರಿಕೆ, ಹೊಟ್ಟೆ ಹಿಂಡುವಿಕೆ, ಮಲಬದ್ಧತೆ, ಮಲದ ಕಪ್ಪು ಬಣ್ಣ ಇದರ ಪರಿಚಿತ ಪರಿಣಾಮಗಳು. ಕಪ್ಪು ಬಣ್ಣ ನಿರಪಾಯಕಾರಿ. ಡಾಂಬರಿನಂತೆ ಅಂಟಾಗಿ, ದುರ್ವಾಸನೆಯಿಂದ ಕೂಡಿದ್ದರೆ ಮಾತ್ರ ತೋರಿಸಬೇಕು.

ಖಾಲಿ ಹೊಟ್ಟೆಯಲ್ಲಿ ಹೆಚ್ಚು ಹೀರಲ್ಪಡುತ್ತದೆ ಎಂಬುದು ನಿಜವಾದರೂ, ನುಂಗಿ ವಾಂತಿ ಮಾಡುವುದಕ್ಕಿಂತ ರಾತ್ರಿ ಊಟವಾಗಿ ಒಂದು ಗಂಟೆಯ ನಂತರ ನಿಂಬೆರಸದ ನೀರಿನೊಂದಿಗೆ ತೆಗೆದುಕೊಳ್ಳುವುದು ಮೇಲು. ಕಾಫಿ, ಟೀ, ಹಾಲಿನೊಡನೆ ಬೇಡ. ಕ್ಯಾಲ್ಸಿಯಂ ಮಾತ್ರೆಯೂ ಆ್ಯಂಟಾಸಿಡ್ಡೂ ಕಬ್ಬಿಣವನ್ನು ಹಿಡಿದಿಡುವುದರಿಂದ ನಡುವೆ ಎರಡು ಗಂಟೆಯ ಅಂತರ ಬೇಕು. ಥೈರಾಯ್ಡ್ ಮಾತ್ರೆಯಾದರೆ ನಾಲ್ಕು ಗಂಟೆ. ತಿಂಡಿ ಮತ್ತು ಮಧ್ಯಾಹ್ನದ ಊಟದ ಜೊತೆಗೆ ಕ್ಯಾಲ್ಸಿಯಂ, ರಾತ್ರಿ ಕಬ್ಬಿಣ ಎಂಬ ಕ್ರಮ ಬಹುಪಾಲು ಹೊಂದುತ್ತದೆ, ಆದರೆ ಬೆಳಿಗ್ಗೆ ಎದ್ದೊಡನೆ ಥೈರಾಯ್ಡ್ ಮಾತ್ರೆ ನುಂಗುವವರು ಬೆಳಗಿನ ಕ್ಯಾಲ್ಸಿಯಂ ಅನ್ನು ಮಧ್ಯಾಹ್ನಕ್ಕೆ ತಳ್ಳಿ ಎರಡನೆಯದನ್ನು ಸಂಜೆಯ ತಿನಿಸಿನೊಂದಿಗೆ ಇಟ್ಟುಕೊಳ್ಳಬೇಕು. ಎಷ್ಟು ಮಾಡಿದರೂ ಒಗ್ಗದಿದ್ದರೆ ಬೇರೆ ಲವಣದ ಮಾತ್ರೆ ಇದೆ, ರಕ್ತನಾಳಕ್ಕೆ ಕೊಡುವ ಚುಚ್ಚುಮದ್ದೂ ಇದೆ. ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆದು, ಆಶಾ ಕಾರ್ಯಕರ್ತೆ ಕೇಳಿದಾಗ ‘ನುಂಗಿದೆ’ ಎನ್ನುವುದರಿಂದ ಮೋಸಹೋಗುವುದು ಹಿಮೋಗ್ಲೋಬಿನ್ ಮಾತ್ರ.

ಮಲಬದ್ಧತೆಗೆ ಹರಳೆಣ್ಣೆ ಕುಡಿಯಬಹುದೇ?

ಬೇಡ. ಹರಳೆಣ್ಣೆಯಲ್ಲಿರುವ ಆಮ್ಲವು ಕರುಳನ್ನಷ್ಟೇ ಅಲ್ಲ ಗರ್ಭಕೋಶವನ್ನೂ ಸಂಕುಚಿಸುವಂತೆ ಮಾಡಬಲ್ಲದು. ಹಳೆಯ ಕಾಲದಲ್ಲಿ ದಿನ ತುಂಬಿದವರಿಗೆ ನೋವು ಬರಿಸಲು ಅದನ್ನು ಕುಡಿಸುತ್ತಿದ್ದುದು ಅದಕ್ಕಾಗಿಯೇ. ಸೋನಾಮುಖಿ ಸೇರಿದ ಚೂರ್ಣಗಳನ್ನೂ ಕೇಳದೆ ತೆಗೆದುಕೊಳ್ಳಬಾರದು.

ನೀರು, ನಾರು, ನಡಿಗೆ ಈ ಮೂರೂ ಒಟ್ಟಿಗೆ ಬೇಕು. ನೀರಿಲ್ಲದೆ ನಾರನ್ನು ಮಾತ್ರ ಹೆಚ್ಚಿಸಿದರೆ ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ನಾರಿನ ವಿಷಯದಲ್ಲಿ ಕನ್ನಡ ನಾಡಿನ ಅಡುಗೆ ಶ್ರೀಮಂತವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮಧ್ಯಾಹ್ನ ರಾಗಿಮುದ್ದೆ ಅಥವಾ ಜೋಳದ ರೊಟ್ಟಿ, ಜೊತೆಗೆ ಬಸ್ಸಾರು ಮತ್ತು ಸೊಪ್ಪಿನ ಪಲ್ಯ, ಸಂಜೆ ಸೀಬೆಹಣ್ಣು, ರಾತ್ರಿ ನೆನೆಸಿ ಬೆಳಿಗ್ಗೆ ತಿನ್ನುವ ನಾಲ್ಕಾರು ಒಣದ್ರಾಕ್ಷಿ ಅಥವಾ ಅಂಜೂರ, ದಿನಕ್ಕೆ ಎಂಟು ಹತ್ತು ಲೋಟ ನೀರು ಮತ್ತು ಮಜ್ಜಿಗೆ: ಇಷ್ಟನ್ನು ಒಂದು ವಾರ ಪಾಲಿಸಿದರೆ ಹಲವರಿಗೆ ಔಷಧ ಬೇಕಾಗುವುದಿಲ್ಲ. ಆಸ್ಪತ್ರೆಯಲ್ಲಿ ಮಧುಮೇಹ ಇದೆಯೆಂದು ಹೇಳಿದ್ದರೆ ಒಣಹಣ್ಣನ್ನು ಬಿಟ್ಟು ತರಕಾರಿ ಹೆಚ್ಚಿಸಿ. ಸಾಲದಿದ್ದರೆ ಇಸಬ್‌ಗೋಲ್ ಹೊಟ್ಟನ್ನು ಒಂದು ದೊಡ್ಡ ಲೋಟ ನೀರಿನಲ್ಲಿ, ಬೇರೆ ಮಾತ್ರೆಗಳಿಂದ ಎರಡು ಗಂಟೆ ದೂರವಿಟ್ಟು ಕುಡಿಯಬಹುದು. ಅದಕ್ಕೂ ಬಗ್ಗದಿದ್ದರೆ ವೈದ್ಯರು ಮಲವನ್ನು ಮೆದುವಾಗಿಸುವ ಲ್ಯಾಕ್ಟುಲೋಸ್ ಬರೆಯುತ್ತಾರೆ.

ಪಾಶ್ಚಾತ್ಯ ಮಾದರಿಯ ಶೌಚಾಲಯ ಬಳಸುವವರು ಕಾಲ ಕೆಳಗೆ ಗಿಡ್ಡ ಮಣೆ ಇಟ್ಟುಕೊಂಡರೆ ತಿಣುಕುವುದು ತಪ್ಪುತ್ತದೆ. ಬೆಳಗಿನ ಗಡಿಬಿಡಿಯಲ್ಲಿ ಒತ್ತಡ ಬಂದಾಗಲೂ ತಡೆದುಕೊಳ್ಳುವುದು ಮಲಬದ್ಧತೆಯ ದೊಡ್ಡ ಕಾರಣ ಎಂಬುದನ್ನು ಒಂದೇ ಶೌಚಾಲಯವಿರುವ ಮನೆಯ ಉಳಿದವರು ಗಮನಿಸಬೇಕು.

ಮಲದಲ್ಲಿ ರಕ್ತ ಕಾಣಿಸಿತು. ಮೂಲವ್ಯಾಧಿಯೇ?

ಆಗಿರುವ ಸಾಧ್ಯತೆ ಹೆಚ್ಚು. ಗರ್ಭಕೋಶದ ಒತ್ತಡ ಮತ್ತು ತಿಣುಕುವಿಕೆಯಿಂದ ಗುದದ್ವಾರದ ರಕ್ತನಾಳಗಳು ಊದಿಕೊಳ್ಳುತ್ತವೆ. ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ದಿನಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಕುಳಿತರೆ ನೋವು ತಗ್ಗುತ್ತದೆ. ನಾಚಿಕೆಯಿಂದ ಮುಚ್ಚಿಡಬೇಡಿ: ರಕ್ತ ಬಂದದ್ದು ಮಲದ್ವಾರದಿಂದಲೋ ಯೋನಿಯಿಂದಲೋ ಎಂಬ ಅನುಮಾನ ಒಂದಿಷ್ಟಿದ್ದರೂ ಅಂದೇ ಪರೀಕ್ಷೆ ಮಾಡಿಸಬೇಕು.

ಹೊಟ್ಟೆ ಉಬ್ಬರಕ್ಕೆ ಬೇಳೆಕಾಳು ಬಿಡಬೇಕೇ? ಜೀರಿಗೆ, ಓಮದ ಕಷಾಯ ಕುಡಿಯಬಹುದೇ?

ಬೇಳೆಕಾಳು ಬಿಟ್ಟರೆ ಸಸ್ಯಾಹಾರಿಯ ಪ್ರೋಟೀನಿಗೆ ಬೇರೆ ದಾರಿಯೇ ಕಡಿಮೆ. ಹುರುಳಿ, ಅಲಸಂದೆ, ಕಡಲೆಗಳನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಮೆತ್ತಗೆ ಬೇಯಿಸಿ ಇಂಗು ಹಾಕಿದರೆ ವಾಯು ಕಡಿಮೆಯಾಗುತ್ತದೆ. ಹೆಸರುಬೇಳೆ ಎಲ್ಲಕ್ಕಿಂತ ಹಗುರ. ಜೀರಿಗೆ, ಓಮ, ಸೋಂಪುಗಳು ಅಡುಗೆಯ ಚಿಟಿಕೆಯಷ್ಟು ಇದ್ದಾಗ ತೊಂದರೆಯಿಲ್ಲ, ಆದರೆ ಮುಷ್ಟಿಗಟ್ಟಲೆ ಕುದಿಸಿದ ಕಷಾಯ, ಓಮದ ಎಣ್ಣೆ, ಹೆಸರು ಹೇಳದ ನಾಟಿಮದ್ದು ಬೇಡ. ಊಟದ ನಂತರ ಹತ್ತು ನಿಮಿಷ ಅಂಗಳದಲ್ಲಿ ಅಡ್ಡಾಡುವುದು ಕಷಾಯಕ್ಕಿಂತ ಗುಣಕಾರಿ ಎಂಬುದು ಈ ಲೇಖಕರ ಅಭಿಪ್ರಾಯ.

ಭೇದಿಯಾದರೆ ಮನೆಯಲ್ಲೇ ನೋಡಿಕೊಳ್ಳಬಹುದೇ?

ಒಂದು ದಿನದ ಮಟ್ಟಿಗೆ ನೋಡಬಹುದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಇಡೀ ಪೊಟ್ಟಣ ಓಆರ್‌ಎಸ್ ಬೆರೆಸಿ 24 ಗಂಟೆಯೊಳಗೆ ಗುಟುಕರಿಸಿ ಮುಗಿಸಬೇಕು. ಅರ್ಧ ಪೊಟ್ಟಣ, ಒಂದು ಲೋಟ ಎಂಬ ಅಂದಾಜಿನ ಲೆಕ್ಕ ಬೇಡ. ಗಂಜಿ, ಮಜ್ಜಿಗೆ, ಬಾಳೆಹಣ್ಣು ಮುಂದುವರಿಯಲಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ನುಂಗಬಾರದು. ಜ್ವರ, ಮಲದಲ್ಲಿ ರಕ್ತ, ಮಗುವಿನ ಚಲನೆ ಕಡಿಮೆಯಾಗುವುದು, ಬಿಟ್ಟು ಬಿಟ್ಟು ಹೊಟ್ಟೆ ಹಿಂಡುವುದು, ಇವುಗಳಲ್ಲಿ ಒಂದಿದ್ದರೂ ಕಾಯಬಾರದು.

ಕಣ್ಣು ಹಳದಿಯಾಗಿ ಮೂತ್ರ ಗಾಢವಾದರೆ ಅದು ‘ಪಿತ್ತ’ ಅಲ್ಲ, ಕಾಮಾಲೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಇ ಉಳಿದವರಲ್ಲಿ ತಾನಾಗಿ ವಾಸಿಯಾಗುವ ರೋಗ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ಶೇ 20ರಿಂದ 25ರವರೆಗೆ ಸಾವು ಸಂಭವಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಬಸುರಿಯ ಬಯಕೆಯ ಪಟ್ಟಿಯಲ್ಲಿ ಬೀದಿಬದಿಯ ಪಾನಿಪುರಿ ಮೇಲಿರುವುದು ಸಹಜ. ಆದರೆ ಆ ಪಾನಿಯನ್ನು ಮನೆಯಲ್ಲಿ ಕುದಿಸಿದ ನೀರಿನಿಂದ ಮಾಡಿಕೊಡುವುದು ಜಾಣತನ. ಕಾಮಾಲೆಗೆ ನಾಟಿ ಔಷಧ ಕೊಡುವವರ ಬಳಿ ಬಸುರಿಯನ್ನು ಕರೆದೊಯ್ದು ಕಳೆಯುವ ಎರಡು ದಿನ ತುಂಬ ದುಬಾರಿಯಾಗಬಹುದು.

ಬಳಪ, ಮಣ್ಣು ತಿನ್ನಬೇಕೆನಿಸುತ್ತದೆ. ಇದೂ ಬಯಕೆಯೇ?

ಹುಳಿ ಮಾವಿನಕಾಯಿ ಬಯಕೆ. ಬಳಪ, ಕೆಮ್ಮಣ್ಣು, ಬೂದಿ, ಹಸಿ ಅಕ್ಕಿಯ ಚಟ ಅನೇಕ ವೇಳೆ ರಕ್ತಹೀನತೆಯ ಸೂಚನೆ. ಅವುಗಳಿಂದ ಮಲ ಕಲ್ಲಾಗುತ್ತದೆ, ಮಣ್ಣಿನೊಡನೆ ಜಂತುಹುಳುಗಳೂ ಸೀಸದಂತಹ ಲೋಹಗಳೂ ಒಳಸೇರಬಹುದು. ಬೈಯುವುದರಿಂದ ಕದ್ದು ತಿನ್ನುತ್ತಾರೆ ಅಷ್ಟೆ. ರಕ್ತ ಪರೀಕ್ಷಿಸಿ ಕಬ್ಬಿಣ ಕೊಟ್ಟರೆ ಚಟ ತಾನಾಗಿ ಬಿಡುವುದುಂಟು. ಎರಡನೆಯ ತ್ರೈಮಾಸಿಕದಲ್ಲಿ ಒಮ್ಮೆ ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಎಂಬ ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬಾರದು.

ಸಕ್ಕರೆ ಪರೀಕ್ಷೆಯ ಗ್ಲೂಕೋಸ್ ನೀರು ಕುಡಿದು ವಾಂತಿಯಾಯಿತು. ಏನು ಮಾಡಬೇಕು?

ಪರೀಕ್ಷೆಯಲ್ಲಿ 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕೊಟ್ಟು ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಿಸಬೇಕು, ಅದಾದ ನಂತರ ಆದರೆ ಪರೀಕ್ಷೆ ಮುಂದುವರಿಯುತ್ತದೆ ಎಂಬುದು ರಾಷ್ಟ್ರೀಯ ಮಾರ್ಗಸೂಚಿ. ವಾಂತಿಯಾದದ್ದನ್ನು ಸಿಬ್ಬಂದಿಗೆ ಹೇಳದೆ ಇದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ.

ಏಕಾದಶಿ, ಸೋಮವಾರ, ರಂಜಾನ್ ಉಪವಾಸ ಮಾಡಬಹುದೇ?

ದೀರ್ಘಕಾಲ ಖಾಲಿ ಹೊಟ್ಟೆಯಲ್ಲಿರುವುದು ವಾಕರಿಕೆ ಮತ್ತು ಎದೆಯುರಿ ಎರಡನ್ನೂ ಕೆರಳಿಸುತ್ತದೆ. ಗರ್ಭಿಣಿಗೆ ರಂಜಾನ್ ಉಪವಾಸದಿಂದ ವಿನಾಯಿತಿಯಿದೆ, ನಮ್ಮ ಮನೆಗಳ ಹಿರಿಯರೂ ಬಸುರಿಗೆ ವ್ರತದಲ್ಲಿ ಸಡಿಲಿಕೆ ಕೊಡುತ್ತ ಬಂದಿದ್ದಾರೆ. ಮಾಡಲೇಬೇಕೆಂಬ ಮನಸ್ಸಿದ್ದರೆ ನಿರ್ಜಲ ಬೇಡ. ಮಧುಮೇಹ, ರಕ್ತದೊತ್ತಡ ಅಥವಾ ತೀವ್ರ ವಾಂತಿ ಇದ್ದವರು ಮಾಡಲೇಬಾರದು.

ಯಾವ ಹೊಟ್ಟೆನೋವನ್ನು ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕಬಾರದು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಇಪ್ಪತ್ತನೆಯ ವಾರದ ನಂತರ ಎದೆಗೂಡಿನ ನಡುವಿನ ಗುಳಿಯಲ್ಲಿ ಅಥವಾ ಬಲ ಪಕ್ಕೆಲುಬಿನ ಕೆಳಗೆ ಬಿಡದೆ ನೋಯುವುದು, ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಹೊಡೆದಂತಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು, ಹೊಸದಾಗಿ ವಾಂತಿ ಆರಂಭವಾಗುವುದು, ಇವು ಗರ್ಭಕಾಲದ ರಕ್ತದೊತ್ತಡ ಏರಿ ಯಕೃತ್ತಿಗೆ ಪೆಟ್ಟಾಗುತ್ತಿರುವ ಲಕ್ಷಣಗಳಾಗಿರಬಹುದು. ವೈದ್ಯರು ಇದನ್ನು ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಮುಂದುವರಿದರೆ ಅಪಸ್ಮಾರದಂತಹ ಸೆಳೆತ ಬಂದು ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ. ಎದೆಯುರಿಗೂ ಇದಕ್ಕೂ ಮನೆಯಲ್ಲಿ ಖಚಿತವಾಗಿ ವ್ಯತ್ಯಾಸ ಹೇಳಲಾಗದು. ಎದೆಯುರಿ ಸಾಮಾನ್ಯವಾಗಿ ಊಟಕ್ಕೂ ಮಲಗುವುದಕ್ಕೂ ಹೊಂದಿಕೊಂಡು ಬರುತ್ತದೆ, ಗಂಟಲಿಗೆ ಹುಳಿ ತರುತ್ತದೆ, ಎದ್ದು ಕುಳಿತು ಆ್ಯಂಟಾಸಿಡ್ ಕುಡಿದರೆ ಇಳಿಯುತ್ತದೆ. ಇಳಿಯದ ನೋವಿಗೆ ಎರಡನೆಯ ಗುಟುಕು ಸಿರಪ್ ಕುಡಿಯುವುದಲ್ಲ, ರಕ್ತದೊತ್ತಡ ನೋಡಿಸಬೇಕು. 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ರಾತ್ರಿಯಾದರೂ ಸರಿ, ಹೆರಿಗೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಒತ್ತಡ ಸರಿಯಿದ್ದೂ ನೋವು ನಿಲ್ಲದಿದ್ದರೆ ಪಿತ್ತಕೋಶದ ಕಲ್ಲು ಇರಬಹುದು, ಅದಕ್ಕೂ ವೈದ್ಯರೇ ಬೇಕು.

ಇನ್ನುಳಿದವು: ಮೊದಲ ಮೂರು ತಿಂಗಳಲ್ಲಿ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ರಕ್ತದ ಕಲೆ, ತಲೆಸುತ್ತು, ಭುಜದ ತುದಿಯಲ್ಲಿ ನೋವು ಇದ್ದರೆ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಕಟ್ಟಿರಬಹುದು. ಹೊಕ್ಕುಳ ಸುತ್ತ ಆರಂಭವಾಗಿ ಬಲಗಡೆಗೆ ಸರಿದು ನಿಂತ ನೋವು, ಊಟ ಸೇರದಿರುವುದು, ಜ್ವರ ಇದ್ದರೆ ಅಪೆಂಡಿಸೈಟಿಸ್ (ಕರುಳುಬಾಲದ ಉರಿಯೂತ) ಇರಬಹುದು; ತಿಂಗಳು ತುಂಬುತ್ತಿದ್ದಂತೆ ಆ ನೋವು ಮೇಲಕ್ಕೂ ಸರಿದಿರಬಹುದು. ಹೊಟ್ಟೆ ಕಲ್ಲಿನಂತೆ ಬಿಗಿದು ಸಡಿಲವೇ ಆಗದಿದ್ದರೆ, ಅಥವಾ 37 ವಾರಕ್ಕೆ ಮುಂಚೆ ನಿಯಮಿತವಾಗಿ ಬಂದು ಹೋಗುವ ನೋವು ಸೊಂಟದಿಂದ ಮುಂದಕ್ಕೆ ಹರಿದರೆ ಅದು ಕರುಳಿನದಲ್ಲ, ಗರ್ಭಕೋಶದ ನೋವು. ಗುಳ್ಳೆಯಿಲ್ಲದೆ ಅಂಗೈ ಅಂಗಾಲು ರಾತ್ರಿಯ ಹೊತ್ತು ತುರಿಸುವುದಕ್ಕೂ ಹೊಟ್ಟೆಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಕೊನೆಯ ತಿಂಗಳುಗಳಲ್ಲಿ ಅದು ಪಿತ್ತರಸ ಸರಿಯಾಗಿ ಹರಿಯದಿರುವುದರ ಗುರುತಾಗಿರಬಹುದು, ರಕ್ತಪರೀಕ್ಷೆ ಬೇಕು.

ಇಂತಹ ಯಾವ ನೋವಿಗೂ ಮುಟ್ಟಿನ ಹೊಟ್ಟೆನೋವಿಗೆಂದು ತಂದು ಮನೆಯಲ್ಲಿ ಉಳಿದಿರುವ ಮೆಫೆನಾಮಿಕ್ ಆಮ್ಲದ ಮಾತ್ರೆಯನ್ನು ಕೊಡಬಾರದು. ಆ ಗುಂಪಿನ ನೋವುನಿವಾರಕಗಳು ಇಪ್ಪತ್ತನೆಯ ವಾರದ ನಂತರ ಮಗುವಿನ ಮೂತ್ರಪಿಂಡಕ್ಕೂ ಹೃದಯದ ರಕ್ತನಾಳಕ್ಕೂ ತೊಂದರೆ ಮಾಡಬಲ್ಲವು. ವೈದ್ಯರೇ ಬರೆದಿರುವ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇರೆ ವಿಷಯ, ಹೊಟ್ಟೆ ಉರಿಯುತ್ತದೆಂದು ಅದನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.

ವೈದ್ಯರ ಮುಂದೆ ಹೇಗೆ ಹೇಳಬೇಕು?

‘ಗ್ಯಾಸ್ಟ್ರಿಕ್ ಆಗಿದೆ ಡಾಕ್ಟ್ರೇ’ ಎಂದು ಆರಂಭಿಸಬೇಡಿ. ಎಲ್ಲಿ ಎಂಬುದನ್ನು ಬೆರಳಿಟ್ಟು ತೋರಿಸಿ. ಯಾವಾಗ ಬರುತ್ತದೆ, ಊಟಕ್ಕೆ ಸಂಬಂಧವಿದೆಯೇ, ಎಷ್ಟು ಹೊತ್ತು ಇರುತ್ತದೆ, ಏನು ಕುಡಿದರೆ ಹೋಗುತ್ತದೆ, ಮೂತ್ರ ಮತ್ತು ಮಲ ಹೇಗಿವೆ, ಮಗು ಎಂದಿನಂತೆ ಆಡುತ್ತಿದೆಯೇ ಎಂಬುದನ್ನು ಹೇಳಿ. ತಾಯಿ ಕಾರ್ಡನ್ನೂ ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಯ್ಯಿರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ಇರುತ್ತದೆ, ತುರ್ತಲ್ಲದ ತೊಂದರೆಗಳನ್ನು ಅಲ್ಲಿ ಕೇಳಬಹುದು. ಹೊರನಾಡಿನಲ್ಲಿ, ವಿದೇಶದಲ್ಲಿ ಇರುವವರು ‘ಗ್ಯಾಸ್ಟ್ರಿಕ್’ ಎಂಬ ಪದಕ್ಕೆ ಅಲ್ಲಿನ ವೈದ್ಯರು ನಮ್ಮ ಅರ್ಥವನ್ನು ಕೊಡುವುದಿಲ್ಲ ಎಂಬುದನ್ನು ತಿಳಿದಿರಬೇಕು.

ಹೆರಿಗೆಯಾದ ಮೇಲೆ ಇವೆಲ್ಲ ಹೋಗುತ್ತವೆಯೇ?

ಎದೆಯುರಿ ಬಹುತೇಕ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ. ಮಲಬದ್ಧತೆ ಮತ್ತು ಮೂಲವ್ಯಾಧಿ ಕೆಲವು ವಾರ ಉಳಿಯಬಹುದು. ಹೊಲಿಗೆ ಹಾಕಿಸಿಕೊಂಡವರು ನೋವಿನ ಭಯದಿಂದ ಮಲ ತಡೆಯುವುದರಿಂದಲೂ, ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರು, ತರಕಾರಿ ಕಡಿಮೆ ಮಾಡುವ ಪಥ್ಯದಿಂದಲೂ ಅದು ಬಿಗಡಾಯಿಸುತ್ತದೆ. ಹಾಲೂಡಿಸುವವಳಿಗೆ ಬಾಯಾರಿಕೆಯಾದಷ್ಟೂ ನೀರು ಕೊಡಬೇಕು, ಸೊಪ್ಪನ್ನೂ ಕೊಡಬೇಕು. ಮೇಲೆ ಹೇಳಿದ ರಕ್ತದೊತ್ತಡದ ತೊಂದರೆ ಹೆರಿಗೆಯ ನಂತರದ ಆರು ವಾರಗಳಲ್ಲಿಯೂ ಬರಬಹುದಾದ್ದರಿಂದ, ಬಾಣಂತಿಯು ತಲೆನೋವಿನ ಜೊತೆಗೆ ಎದೆಗುಳಿ ನೋಯುತ್ತದೆ ಎಂದರೆ ಕಷಾಯ ಕಾಯಿಸುವುದಕ್ಕೆ ಮುಂಚೆ ರಕ್ತದೊತ್ತಡ ನೋಡಿಸಬೇಕು.